ಬೆಲ್ಟಿನ ಗೆರೆ ಹಿಡಿದು

ಪೇಟೆಯ ಕೊನೆಯ ಮನೆ ದಾಟಿ ಅಡಿಕೆ ತೋಟ ಶುರುವಾಗುವ ಕಡೆ, ರಸ್ತೆಯಿಂದ ಆಳೆತ್ತರ ತಗ್ಗಿನಲ್ಲಿದೆ ಈ ಗ್ಯಾರೇಜು. ಮೇಲಿನಿಂದ ಕಾಣುವುದು ಜಿಂಕ್ ಶೀಟಿನ ಮಾಡು, ಗಾಳಿಗೆ ಹಾರದಿರಲೆಂದು ಅದರ ಮೇಲೆ ಹೇರಿದ ಹಳೇ ಟೈರುಗಳು, ಇಷ್ಟೇ. ಇಳಿಜಾರಿನಲ್ಲಿ ಕೆಳಗಿಳಿದ ಹಾಗೆ ಮಣ್ಣಿನ ಬಣ್ಣ ಬದಲಾಗುತ್ತದೆ. ರಸ್ತೆಬದಿಯ ಕೆಮ್ಮಣ್ಣು ಅಂಗಳ ಮುಟ್ಟುವಷ್ಟರಲ್ಲಿ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿ, ಕಾಲಿಗೆ ಮೆತ್ತಗಾಗಿ ಸಿಗುತ್ತದೆ. ಎಡಗಡೆ ಚಕ್ರವಿಲ್ಲದ ಒಂದು ಜೀಪು ಕಲ್ಲಿನ ಮೇಲೆ ಕೂತಿದೆ. ಎಂಜಿನ್ ಇರಬೇಕಾದ ಜಾಗದಲ್ಲಿ ಕೆಸುವಿನ ಗಿಡ ಬೆಳೆದಿದೆ. ಬಲಗಡೆ ಗೇರ್ ಬಾಕ್ಸುಗಳು, ಆಕ್ಸಲ್ಲುಗಳು, ತುಕ್ಕು ಹಿಡಿದ ಪಟ್ಟೆಗಳು. ಗುಜರಿ ಅನ್ನಿಸುತ್ತದೆ, ಆದರೆ ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಗುರುತು ಇದೆ.

ನಾನು ಬಂದಿದ್ದು ಮಾಡಿನ ಕೆಳಗೆ ನಿಂತಿರುವ ಮೂರನೆಯ ಜೀಪನ್ನು ನೋಡಲು. ಮಹೀಂದ್ರ ಎಂಎಂ 540, ತೊಂಬತ್ತರ ದಶಕದ ಮೊದಲ ವರ್ಷಗಳದ್ದು. ಒಡೆಯರು ಕಾಫಿ ತೋಟದವರು, ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಈ ಜೀಪಿಗೆ ಎಸಿ ಇದೆ ಎಂದರೆ ಅನೇಕರಿಗೆ ಆಶ್ಚರ್ಯ. ಕಂಪನಿಯಿಂದ ಬಂದದ್ದಲ್ಲ. ಹನ್ನೆರಡು ವರ್ಷದ ಹಿಂದೆ ಬೇರೆ ಊರಿನಲ್ಲಿ ಹಾಕಿಸಿದ್ದು. ಮಲೆನಾಡಿನಲ್ಲಿ ಎಸಿ ಯಾಕೆ ಎಂದು ಕೇಳಿದೆ. ‘ತಂಪಿಗಲ್ಲ ಮಾರಾಯ್ರೆ, ಗಾಜಿಗೆ’ ಎಂದರು. ಜುಲೈ ತಿಂಗಳ ಮಳೆಯಲ್ಲಿ ಹಾರ್ಡ್‌ಟಾಪ್ ಜೀಪಿನೊಳಗೆ ನಾಲ್ಕು ಜನ ಒದ್ದೆಯಾಗಿ ಕೂತರೆ ಎರಡೇ ನಿಮಿಷಕ್ಕೆ ಮುಂದಿನ ಗಾಜು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬಟ್ಟೆಯಲ್ಲಿ ಒರೆಸುತ್ತ ಘಾಟಿ ಇಳಿಯುವುದು ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಎಸಿಯ ತಣ್ಣನೆ ಕಾಯಿಲ್ ಮೇಲೆ ಗಾಳಿ ಹಾದಾಗ ಅದರೊಳಗಿನ ನೀರು ಅಲ್ಲೇ ಹನಿಗಟ್ಟಿ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಒಣಗಿದ ಗಾಳಿ ಗಾಜಿಗೆ ಬಡಿದು ಮಂಜು ಬಿಡಿಸುತ್ತದೆ. ಮನೆಯಲ್ಲಿ ವಯಸ್ಸಾದ ಅಮ್ಮನಿದ್ದಾರೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ಮಳೆಗಾಲದೊಳಗೆ ಎಸಿ ಸರಿಯಾಗಲೇಬೇಕೆಂದು ಅವರು ಪಟ್ಟು ಹಿಡಿದದ್ದು ಅದಕ್ಕೇ.

ಬಾನೆಟ್ಟು ಎತ್ತಿ ಕೋಲು ಕೊಟ್ಟಿದ್ದರು. ಒಳಗೆ ಬಗ್ಗಿದೆ. ಹೊಸ ಕಾರುಗಳ ಹಾಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಏನೂ ಕಾಣದಂತೆ ಮಾಡಿಲ್ಲ, ಎಲ್ಲ ಬಿಚ್ಚು ಬಿಚ್ಚಾಗಿದೆ. ಮುಂದೆ ರೇಡಿಯೇಟರ್, ಅದರ ಮುಂದೆ ಎಸಿಯ ಕಂಡೆನ್ಸರ್, ಹಿಂದೆ ಕಬ್ಬಿಣದ ಫ್ಯಾನು, ಫ್ಯಾನಿನ ಹಿಂದೆ ಪೂಜೋ ಕಂಪನಿಯ ಲೈಸೆನ್ಸಿನಲ್ಲಿ ಇಲ್ಲಿ ತಯಾರಾದ 2112 ಸಿಸಿಯ ಡೀಸೆಲ್ ಎಂಜಿನ್. ಶಕ್ತಿ ಅರವತ್ತು ಅಶ್ವಶಕ್ತಿಯ ಆಸುಪಾಸು. ಎಸಿ ಕಂಪ್ರೆಸರ್ ಒಂದೇ ಅದರಿಂದ ಮೂರು ನಾಲ್ಕು ಅಶ್ವಶಕ್ತಿ ಕಿತ್ತುಕೊಳ್ಳುತ್ತದೆ. ದೊಡ್ಡ ಏರು ಬಂದಾಗ ಒಡೆಯರು ಸ್ವಿಚ್ ಆಫ್ ಮಾಡಿಕೊಳ್ಳುತ್ತಾರಂತೆ.

‘ಮೊದಲು ಬೆಲ್ಟ್ ನೋಡಿ, ಆಮೇಲೆ ಉಳಿದದ್ದು’ ಎಂದರು ಮೇಸ್ತ್ರಿ. ಅರವತ್ತು ದಾಟಿದವರು, ಮಾತು ಕಡಿಮೆ. ಕೆಳಗೆ ಕ್ರ್ಯಾಂಕಿನ ತುದಿಯಲ್ಲಿ ಒಂದು ಪುಲ್ಲಿ. ಎಂಜಿನ್ ತಿರುಗಿದರೆ ಅದು ತಿರುಗುತ್ತದೆ, ಬೆಲ್ಟಿನ ಮೂಲಕ ಮೇಲಿನ ಫ್ಯಾನು, ವಾಟರ್ ಪಂಪು, ಆಲ್ಟರ್ನೇಟರು ತಿರುಗುತ್ತವೆ. ಆ ಪುಲ್ಲಿಯ ಮುಂದೆ ಬೋಲ್ಟು ಹಾಕಿ ಇನ್ನೊಂದು ಪುಲ್ಲಿ ಸೇರಿಸಿದ್ದಾರೆ. ಅದು ಕಂಪ್ರೆಸರಿಗೆ. ಈಗ ಅದರ ಕಚ್ಚು ಖಾಲಿ.

ಹಳೇ ಕಂಪ್ರೆಸರು ಎಲ್ಲಿತ್ತು ಎಂದು ನೋಡಲು ಪಿಟ್ಟಿಗಿಳಿದೆ. ಮೆಟ್ಟಿಲು ನಾಲ್ಕೇ, ಆದರೆ ಜಾರುತ್ತವೆ. ತಲೆ ಎತ್ತಿದರೆ ಛಾಸಿಯ ಉದ್ದನೆಯ ಕಂಬ, ಬಲಗಡೆ ಸ್ಟೀರಿಂಗ್ ಬಾಕ್ಸು, ಅದಕ್ಕೂ ಎಂಜಿನ್ನಿಗೂ ನಡುವೆ ತೆಂಗಿನಕಾಯಿ ಹಿಡಿಯುವಷ್ಟು ಜಾಗ. ಅಲ್ಲಿ ಕೂರಿಸಿದ್ದರು. ಕಣ್ಣಿಗೆ ಮೊದಲು ಬಿದ್ದದ್ದು ಕೆಸರಿನ ಗೆರೆ. ಎಂಜಿನ್ನಿನ ಕೆಳಭಾಗದಲ್ಲಿ ಒಂದು ಮಟ್ಟದವರೆಗೆ ಒಣ ಕೆಸರು, ಅದರ ಮೇಲೆ ಬರೀ ಎಣ್ಣೆ ಧೂಳು. ತೋಟಕ್ಕೆ ಹೋಗುವ ದಾರಿಯಲ್ಲಿ ಹಳ್ಳವಿದೆ, ಸೇತುವೆಯಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲವಾದರೂ ದಾಟಬೇಕು. ಕಂಪ್ರೆಸರು ಆ ಗೆರೆಯ ಕೆಳಗೇ ಇತ್ತು.

ನೀರಿನಲ್ಲಿ ಮುಳುಗುವ ಕಡೆ ಇಟ್ಟದ್ದರಿಂದ ಕೆಟ್ಟಿತು, ಮೇಲಕ್ಕೆತ್ತಿದರೆ ಸರಿಹೋಯಿತು ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಒಡೆಯರ ಅಭಿಪ್ರಾಯವೂ ಅದೇ ಆಗಿತ್ತು. ಮೇಸ್ತ್ರಿ ಹೂಂ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕೆಲಸದ ಮೇಜಿನ ಕಡೆ ಕೈ ತೋರಿಸಿದರು.

ಮೇಜೆಂದರೆ ಹಲಸಿನ ದಪ್ಪ ಹಲಗೆ. ಅದರ ಮೇಲೆ ಬಿಚ್ಚಿಟ್ಟ ಕಂಪ್ರೆಸರು, ಪಕ್ಕದಲ್ಲಿ ಅದನ್ನು ಹಿಡಿದಿದ್ದ ಬ್ರಾಕೆಟ್ಟು. ಕಂಪ್ರೆಸರು ಐದು ಪಿಸ್ಟನ್ನಿನದು, ಸ್ಯಾಂಡೆನ್ ಮಾದರಿ, ಒಂದು ಸುತ್ತಿಗೆ 138 ಸಿಸಿ ಗ್ಯಾಸ್ ಒತ್ತುತ್ತದೆ. ಮುಂದಿನ ಪುಲ್ಲಿ ಸದಾ ತಿರುಗುತ್ತಿರುತ್ತದೆ. ಸ್ವಿಚ್ ಹಾಕಿದಾಗ ಮಾತ್ರ ಅದರ ಹಿಂದಿನ ವಿದ್ಯುತ್ ಕಾಯಿಲ್ ಕ್ಲಚ್ ತಟ್ಟೆಯನ್ನು ಎಳೆದು ಪುಲ್ಲಿಗೆ ಅಂಟಿಸುತ್ತದೆ, ಆಗ ಒಳಗಿನ ಶಾಫ್ಟು ತಿರುಗುತ್ತದೆ. ತಟ್ಟೆಗೂ ಪುಲ್ಲಿಗೂ ನಡುವೆ ಇರಬೇಕಾದ ಸಂದು 0.4ರಿಂದ 0.8 ಮಿಲಿಮೀಟರ್. ಮೇಸ್ತ್ರಿಯ ಹುಡುಗ ತೆಳು ಬ್ಲೇಡಿನ ಅಳತೆ ಕಟ್ಟನ್ನು ತಂದು ಆ ಸಂದಿಗೆ ತೂರಿಸಲು ನೋಡಿದ. ಹೋಗಲಿಲ್ಲ. ಕೆಸರು ಕೂತು ಗಟ್ಟಿಯಾಗಿತ್ತು. ಸ್ವಿಚ್ ಆಫ್ ಮಾಡಿದ ಮೇಲೂ ತಟ್ಟೆ ಬಿಟ್ಟುಕೊಳ್ಳದೆ ಉಜ್ಜುತ್ತಲೇ ಇದ್ದದ್ದಕ್ಕೆ ಅದರ ಮೈ ನೀಲಿಗಟ್ಟಿತ್ತು. ಸರಿ, ಇದು ನೀರಿನ ಕೆಲಸವೇ.

ಬ್ರಾಕೆಟ್ಟಿನ ಕತೆ ಬೇರೆ. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯಂಥ ಗೆರೆ, ಗೆರೆಯ ಉದ್ದಕ್ಕೂ ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ. ಒಡಕಿನ ಎರಡು ತುಟಿ ಒಂದಕ್ಕೊಂದು ತಿಕ್ಕಿದಾಗ ಉದುರುವ ತುಕ್ಕು ಅದು. ಇಂದು ನಿನ್ನೆಯ ಒಡಕಲ್ಲ. ಬೋಲ್ಟು ಕೂರುವ ತೂತು ಉರುಟಾಗಿರದೆ ಮೊಟ್ಟೆಯಾಕಾರ ತಾಳಿತ್ತು. ಬ್ರಾಕೆಟ್ಟಿನಿಂದ ಹೊರಟ ಒಂದು ಕಬ್ಬಿಣದ ಪಟ್ಟಿ ಛಾಸಿಗೆ ಹೋಗಿ ಬೋಲ್ಟಾಗುತ್ತಿತ್ತು. ಅಲುಗಾಡದಿರಲಿ ಎಂದು ಕೊಟ್ಟ ಆಧಾರ.

‘ಇದೇ’ ಎಂದರು ಮೇಸ್ತ್ರಿ, ಆ ಪಟ್ಟಿಯನ್ನು ತಟ್ಟಿ.

ಎಲ್ಲೆಲ್ಲಿ ಆಧಾರ ಕೊಟ್ಟರೂ ಒಳ್ಳೆಯದೇ ಅಲ್ಲವೇ ಎಂದುಕೊಂಡಿದ್ದ ನನಗೆ ಅರ್ಥವಾಗಲಿಲ್ಲ. ಅವರು ಬಾಯಲ್ಲಿ ಹೇಳಲಿಲ್ಲ, ಜೀಪಿನ ಹತ್ತಿರ ಕರೆದರು. ‘ಏಯ್, ಸ್ಟಾರ್ಟ್ ಮಾಡೋ’ ಎಂದು ಹುಡುಗನಿಗೆ ಹೇಳಿ, ಎಂಜಿನ್ನಿಗೂ ಪಕ್ಕದ ಮಡ್‌ಗಾರ್ಡಿನ ತಗಡಿಗೂ ನಡುವಿನ ಒಂದು ಸಂದನ್ನು ನನಗೆ ತೋರಿಸಿದರು. ಎಂಜಿನ್ ನಿಂತಿದ್ದಾಗ ಅಲ್ಲಿ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು. ಎಂಜಿನ್ ಹತ್ತಿಕೊಂಡಿತು. ದೂರದಿಂದ ನೋಡುತ್ತ ನಿಂತೆ. ಹುಡುಗ ಆಕ್ಸಿಲರೇಟರ್ ಒಮ್ಮೆಲೇ ತುಳಿದ. ಇಡೀ ಎಂಜಿನ್ ಮಲಗಿದ್ದ ಎಮ್ಮೆ ಮಗ್ಗುಲು ಬದಲಿಸಿದ ಹಾಗೆ ಒಂದು ಕಡೆ ವಾಲಿ, ಸಂದು ಒಂದೇ ಬೆರಳಿನಷ್ಟಾಗಿ, ಮತ್ತೆ ತನ್ನ ಜಾಗಕ್ಕೆ ಬಂದಿತು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಅದು ಹೊರಳುವುದು ಸಹಜ, ಹೊರಳಲೆಂದೇ ರಬ್ಬರು. ಛಾಸಿ ಮಾತ್ರ ಹೊರಳುವುದಿಲ್ಲ. ಒಂದು ಕಾಲು ಎಂಜಿನ್ ಮೇಲೆ, ಇನ್ನೊಂದು ಕಾಲು ಛಾಸಿಯ ಮೇಲೆ ಇಟ್ಟ ಬ್ರಾಕೆಟ್ಟನ್ನು ಪ್ರತಿ ಗೇರಿಗೂ ಪ್ರತಿ ಗುಂಡಿಗೂ ಅವೆರಡೂ ಎರಡು ಕಡೆಯಿಂದ ಎಳೆದಾಡಿವೆ. ಹನ್ನೆರಡು ವರ್ಷ ತಡೆದದ್ದೇ ಹೆಚ್ಚು. ಬೆಲ್ಟು ಮೇಲಿಂದ ಮೇಲೆ ಕಿತ್ತುಹೋಗುತ್ತಿದ್ದದ್ದೂ ಇದರಿಂದಲೇ ಎಂದರು. ಒಡೆಯರು ಬೆಂಚಿನಿಂದ ಎದ್ದು ಬಂದು ಆ ಪಟ್ಟಿಯನ್ನು ಕೈಗೆತ್ತಿಕೊಂಡು ಸುಮಾರು ಹೊತ್ತು ನೋಡಿದರು. ವರ್ಷಕ್ಕೆ ಮೂರು ಬೆಲ್ಟು ಕೊಳ್ಳುತ್ತಿದ್ದ ಮನುಷ್ಯ.

ಅಂದರೆ ಜಾಗ ಬದಲಿಸುವುದೆಂದರೆ ಬರೀ ಎತ್ತರಕ್ಕೆ ಒಯ್ಯುವುದಲ್ಲ. ಕಂಪ್ರೆಸರು ಪೂರ್ತಿಯಾಗಿ ಎಂಜಿನ್ನಿನ ಅಂಗವಾಗಬೇಕು, ಅದರ ಜೊತೆಗೇ ಹೊರಳಬೇಕು. ಇಷ್ಟು ತಿಳಿದ ಮೇಲೆ ಉಳಿದದ್ದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು.

ಮೇಜಿನ ಹಿಂದಿನ ಗೋಡೆಯಲ್ಲಿ ಮೊಳೆಗಳಿಗೆ ರಟ್ಟಿನ ತುಂಡುಗಳು ತೂಗುತ್ತಿದ್ದವು. ಬಿಸ್ಕತ್ ಡಬ್ಬಿಯ ರಟ್ಟು, ಕೀಟನಾಶಕದ ಪೆಟ್ಟಿಗೆಯ ರಟ್ಟು, ವಿಚಿತ್ರ ಆಕಾರಗಳಲ್ಲಿ ಕತ್ತರಿಸಿ ಅಲ್ಲಲ್ಲಿ ತೂತು ಮಾಡಿದ್ದು. ಬಂದಾಗಲೇ ನೋಡಿದ್ದೆ, ಏನೆಂದು ಕೇಳಿರಲಿಲ್ಲ. ಅವೆಲ್ಲ ಬ್ರಾಕೆಟ್ಟುಗಳ ಮಾದರಿ. ಈ ಜೀಪಿಗೂ ರಟ್ಟು ಕತ್ತರಿಸುವುದರಿಂದಲೇ ಕೆಲಸ ಶುರು. ಎಂಜಿನ್ನಿನ ಮೈಯಲ್ಲಿ ಮೇಲ್ಗಡೆ ಬಳಕೆಯಾಗದೆ ಉಳಿದಿದ್ದ ಬೋಲ್ಟಿನ ತೂತುಗಳ ಮೇಲೆ ರಟ್ಟು ಒತ್ತಿ ಹಿಡಿದು, ಗ್ರೀಸಿನ ಬೆರಳಿನಿಂದ ಗುರುತು ತೆಗೆದುಕೊಂಡರು. ಅಲ್ಲಿಂದ ಕಂಪ್ರೆಸರಿನ ಕಿವಿಗಳವರೆಗೆ ಆಕಾರ ಎಳೆದರು. ಹುಡುಗ ಕಂಪ್ರೆಸರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಆರೇಳು ಕೆಜಿ ತೂಕ. ‘ಇನ್ನೂ ಮೇಲೆ. ಸ್ವಲ್ಪ ನಿನ್ನ ಕಡೆ. ಹಾಂ.’ ಬಾನೆಟ್ಟು ಇಳಿಸಿದರೆ ತಗಲುತ್ತದೆ. ಕೆಳಗಿಳಿಸಿದರು. ಏರ್ ಫಿಲ್ಟರ್ ಪೈಪಿಗೆ ತಗಲುತ್ತದೆ. ಓರೆ ಮಾಡಿದರು.

ಓರೆ ಎಷ್ಟು ಮಾಡಬಹುದು ಎಂಬುದಕ್ಕೂ ಲೆಕ್ಕವಿದೆ. ಕಂಪ್ರೆಸರಿನ ಹೊಟ್ಟೆಯಲ್ಲಿ ಎಣ್ಣೆಯಿದೆ. ಎಣ್ಣೆ ತುಂಬುವ ಬೋಲ್ಟು ನೆತ್ತಿಯ ಕಡೆ ಇರುವ ಹಾಗೆ ಕೂರಿಸಬೇಕು. ಎಡಕ್ಕೋ ಬಲಕ್ಕೋ 90 ಡಿಗ್ರಿವರೆಗೆ ವಾಲಿಸಬಹುದು, ಅದಕ್ಕಿಂತ ಹೆಚ್ಚಿಗೆ ಮಗುಚಿದರೆ ಎಣ್ಣೆ ಇರಬೇಕಾದ ಕಡೆ ಇರುವುದಿಲ್ಲ. ಇವರು ನಿಲ್ಲಿಸಿದ್ದು ಸುಮಾರು 30 ಡಿಗ್ರಿ ಓರೆಯಲ್ಲಿ. ಸೈಲೆನ್ಸರ್ ಪೈಪು ಹೊರಡುವ ಕಡೆಯಿಂದ ಕೈ ಅಗಲ ದೂರ. ಇಷ್ಟು ದೂರ ಸಾಕೋ ಎಂದು ನನಗೆ ಅನುಮಾನ ಬಂತು. ಕೇಳಿದೆ. ನಡುವೆ ಒಂದು ತಗಡಿನ ಮರೆ ಕೊಡುತ್ತೇವೆ ಎಂದರು. ಆದರೂ ಬೇಸಿಗೆಯಲ್ಲಿ ಆ ಬಿಸಿ ಹೇಗೋ ಏನೋ ಎಂಬ ಅಳುಕು ನನಗೆ ಪೂರ್ತಿ ಹೋಗಲಿಲ್ಲ.

ಆಮೇಲೆ ಬೆಲ್ಟಿನ ದಾರಿ. ಕ್ರ್ಯಾಂಕ್ ಪುಲ್ಲಿ ಕೆಳಗೆ, ಕಂಪ್ರೆಸರು ಈಗ ಮೇಲೆ. ಬೆಲ್ಟಿನ ಬದಲು ಒಂದು ಗೋಣಿದಾರವನ್ನು ಸುತ್ತ ಹಾಕಿ ನೋಡಿದರು. ಹಳೇ ಜಾಗದಲ್ಲಿ ಬೆಲ್ಟು ಕೆಳಗಿನ ಪುಲ್ಲಿಯನ್ನು ಚೆನ್ನಾಗಿ ತಬ್ಬಿ ಹಿಡಿಯುತ್ತಿತ್ತು. ಈಗ ದಾರಿ ಬೇರೆಯಾಗಿ, ಹಿಡಿತ ಕಡಿಮೆ. ತಬ್ಬುವ ಸುತ್ತು ಕಡಿಮೆಯಾದಷ್ಟೂ ಬೆಲ್ಟು ಜಾರುವುದು ಹೆಚ್ಚು, ಜಾರಿದರೆ ಕಿರ್ರೆಂದು ಕೂಗಿ ಸುಡುತ್ತದೆ. ಬಿಗಿ ಮಾಡಿದರೆ ಬೇರಿಂಗ್ ಹೋಗುತ್ತದೆ. ಅದಕ್ಕೇ ನಡುವೆ ಒಂದು ಐಡ್ಲರ್ ಪುಲ್ಲಿ ಇಟ್ಟು ಬೆಲ್ಟನ್ನು ಒಳಕ್ಕೆ ಒತ್ತಿದರು. ಐಡ್ಲರ್ ಇಟ್ಟದ್ದು ಬೆಲ್ಟಿನ ಸಡಿಲ ಮಗ್ಗುಲಿನಲ್ಲಿ. ಎಳೆಯುವ ಮಗ್ಗುಲಲ್ಲಿ ಇಟ್ಟರೆ ಅದೇ ಮೊದಲು ಹೋಗುತ್ತದಂತೆ.

ಇಲ್ಲಿ ನೆನಪಾದದ್ದೊಂದಿದೆ. ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾಡೆಲ್ ಕಾರುಗಳಿಗೆ ಎಸಿ ಕೊಟ್ಟಾಗ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಂಜಿನ್ ತಿರುಗುವವರೆಗೂ ಅದೂ ತಿರುಗುತ್ತಿತ್ತು. ಚಳಿಗಾಲ ಬಂತು, ಎಸಿ ಬೇಡ ಎಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ಟು ಎತ್ತಿ, ಬೆಲ್ಟನ್ನೇ ಕಳಚಿಡಬೇಕಿತ್ತು. ಮೇಸ್ತ್ರಿಗೆ ಹೇಳಿದೆ. ಕೈಯಲ್ಲಿದ್ದ ಕ್ಲಚ್ ತಟ್ಟೆಯನ್ನು ಒಮ್ಮೆ ನೋಡಿ, ‘ಹಾಗಾದ್ರೆ ಇದು ಆಮೇಲೆ ಬಂದದ್ದು’ ಎಂದು ಅದನ್ನು ಸೀಮೆಎಣ್ಣೆಯಲ್ಲಿ ತೊಳೆಯಲು ಹಾಕಿದರು.

ಮಾಡಿನ ಇನ್ನೊಂದು ತುದಿಯಲ್ಲಿ ವೆಲ್ಡಿಂಗ್ ಮತ್ತು ಒಂದು ಹಳೇ ಲೇತು. ಹಳೇ ಬ್ರಾಕೆಟ್ಟು 5 ಮಿಲಿಮೀಟರ್ ತಗಡಿನದು. ಇವರು 10 ಮಿಲಿಮೀಟರ್ ಪ್ಲೇಟ್ ಆರಿಸಿಕೊಂಡರು. ವೆಲ್ಡಿಂಗನ್ನು ಜೀಪಿನ ಮೇಲೆ ಮಾಡುವುದೇ ಇಲ್ಲ, ಆಲ್ಟರ್ನೇಟರಿನ ಡಯೋಡು ಸುಟ್ಟೀತೆಂಬ ಭಯ. ಹನಿ ಹನಿಯಾಗಿ ಚುಕ್ಕಿ ಇಟ್ಟು ಜೋಡಿಸಿ, ಜೀಪಿಗೆ ಕಟ್ಟಿ ನೋಡಿ, ಬಿಚ್ಚಿ ತಂದು ಪೂರ್ತಿ ವೆಲ್ಡ್ ಮಾಡಿ, ಮತ್ತೆ ಕಟ್ಟಿ ನೋಡುತ್ತಾರೆ. ಬಿಸಿಗೆ ಪ್ಲೇಟು ಸೊಟ್ಟಗಾಗುತ್ತದೆ. ಎಷ್ಟು ಎಂಬುದು ಆಮೇಲೆಯೇ ಗೊತ್ತಾಗುವುದು. ಮೂಲೆಗಳಲ್ಲಿ ತ್ರಿಕೋನದ ಒತ್ತುಪಟ್ಟಿ ಕೊಟ್ಟರು. ಒಡೆಯರು ಮಧ್ಯಾಹ್ನದ ಊಟಕ್ಕೆ ಕರೆದರು, ಹೋಗಿಬಂದೆವು.

ಬರುವಾಗ ಕಂಪ್ರೆಸರು ಕೂತಾಗಿತ್ತು. ಮೇಸ್ತ್ರಿ ಬಗ್ಗಿ, ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ನೇರ ಪಟ್ಟಿಯೊಂದನ್ನು ಒತ್ತಿ ಹಿಡಿದು, ಅದರ ತುದಿ ಮೇಲಿನ ಪುಲ್ಲಿಗೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದರು. ನನಗೆ ಎರಡೂ ಒಂದೇ ಗೆರೆಯಲ್ಲಿ ಕಂಡವು. ‘ಮೂರು ಮಿಲಿಮೀಟರ್ ಹೊರಗಿದೆ’ ಎಂದರು. ಸ್ಕೇಲಿಟ್ಟು ಅಳೆದರೆ ಮೂರೇ. ಕಂಪ್ರೆಸರ್ ತಯಾರಿಸುವವರು ಒಪ್ಪುವುದು ಒಂದೂವರೆವರೆಗೆ. ಮೂರು ಮಿಲಿಮೀಟರ್ ಎಂದರೆ ಎರಡು ನಾಣ್ಯದ ದಪ್ಪವಷ್ಟೇ. ಆದರೆ ಬೆಲ್ಟು ಪ್ರತಿ ಸುತ್ತಿಗೂ ಓರೆಯಾಗಿ ಕಚ್ಚಿನೊಳಗೆ ಇಳಿದು ಅಂಚು ಸವೆಸಿಕೊಳ್ಳುತ್ತದೆ, ನಿಮಿಷಕ್ಕೆ ಸಾವಿರಗಟ್ಟಲೆ ಸಲ. ಬ್ರಾಕೆಟ್ಟಿನ ಬುಷ್‌ಗಳನ್ನು ಲೇತಿಗೆ ಕಟ್ಟಿ ಮುಖ ಕೆತ್ತಿದರು. ಸುರುಳಿ ಸುರುಳಿ ಕಬ್ಬಿಣ ಬಿತ್ತು. ಮತ್ತೆ ಕಟ್ಟಿದರು. ಈ ಸಲ ಒಂದು ಮಿಲಿಮೀಟರ್. ‘ಸಾಕು’ ಎಂದರು, ಆದರೆ ಮುಖದಲ್ಲಿ ಸಾಕೆನ್ನುವ ಭಾವ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹೋದಾಗ ಗ್ಯಾಸಿನ ಕೆಲಸ. ಅದಕ್ಕೆ ಒಳಗೊಂದು ಪುಟ್ಟ ಕೋಣೆ, ಧೂಳು ಬಾರದಂತೆ ಬಾಗಿಲು. ಮೂಲೆಯಲ್ಲಿ ಹಳೇ ಆರ್-12 ಗ್ಯಾಸಿನ ಖಾಲಿ ಸಿಲಿಂಡರು. ಓಜೋನ್ ಪದರಕ್ಕೆ ತೂತು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಪಟ್ಟಿಗೆ ಸೇರಿ, ಭಾರತದಲ್ಲಿ 2010ರ ಹೊತ್ತಿಗೆ ನಿಂತುಹೋದ ಗ್ಯಾಸು. ಈ ಜೀಪಿನಲ್ಲಿರುವುದು ಆರ್-134ಎ. ಅದು ಓಜೋನಿಗೆ ತೊಂದರೆ ಮಾಡುವುದಿಲ್ಲ, ಆದರೆ ಗಾಳಿಗೆ ಬಿಟ್ಟರೆ ಒಂದು ಕೆಜಿ ಸಾವಿರದ ನಾನೂರು ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಹಳೇ ಗ್ಯಾಸನ್ನು ಬುಸ್ಸೆಂದು ಹೊರಗೆ ಬಿಡುವ ಅಂಗಡಿಗಳನ್ನು ನಾನು ಕಂಡಿದ್ದೇನೆ. ಇಲ್ಲಿ ಮೆಷಿನ್ನಿನಿಂದ ಸಿಲಿಂಡರಿಗೆ ಎಳೆದಿಟ್ಟಿದ್ದರು. ನನಗೆ ಈ ಗ್ಯಾರೇಜಿನ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಕಂಪ್ರೆಸರು ಮೇಲೆ ಬಂದದ್ದರಿಂದ ಹಳೇ ಹೋಸ್‌ಗಳು ಗಿಡ್ಡ. ಹೊಸದಾಗಿ ಕತ್ತರಿಸಿ, ತುದಿಗೆ ಕೊಳವೆ ಸೇರಿಸಿ ಒತ್ತಿಸಿದರು. ಎಳೆದು ಕಟ್ಟದೆ ಸ್ವಲ್ಪ ಬಾಗು ಬಿಟ್ಟರು. ಎಂಜಿನ್ ಹೊರಳಿದಾಗ ಹೋಸೂ ಹೊರಳಬೇಕಲ್ಲ. ಡ್ರೈಯರ್ ಹೊಸದು, ತುದಿಗಳಲ್ಲಿ ಹಸಿರು ಓ-ರಿಂಗುಗಳು ಹೊಸವು. ಆಮೇಲೆ ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದರು. ಗಾಳಿಯ ಒತ್ತಡ ತೀರಾ ಕಡಿಮೆಯಾದರೆ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಹೊರಬರುತ್ತದೆ. ಒಳಗೆ ಪಸೆ ಉಳಿಯಬಾರದೆಂದೇ ಇಷ್ಟು ಪಾಡು. ಸಮುದ್ರಮಟ್ಟದ ಊರುಗಳಲ್ಲಿ ಗೇಜಿನ ಮುಳ್ಳು 29 ಇಂಚಿನ ಹತ್ತಿರ ಹೋಗುತ್ತದೆ. ಇಲ್ಲಿ ಒಂಬೈನೂರು ಮೀಟರ್ ಎತ್ತರದಲ್ಲಿ 26 ದಾಟಿ ನಿಂತಿತು. ಗಾಳಿಯೇ ತೆಳುವಾದ್ದರಿಂದ ಅಷ್ಟೇ ಬರುವುದು. ಪಂಪು ನಿಲ್ಲಿಸಿ ಅರ್ಧ ಗಂಟೆ ಮುಳ್ಳನ್ನು ಕಾದರು. ಅಲುಗಲಿಲ್ಲ.

ಗ್ಯಾಸು ತುಂಬಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು ಹುಡುಗ ಕ್ಲಚ್ ತಟ್ಟೆಯನ್ನು ಕೈಯಲ್ಲಿ ತಿರುಗಿಸತೊಡಗಿದ. ಒಂದು, ಎರಡು ಎಂದು ಬಾಯಲ್ಲೇ ಎಣಿಸುತ್ತಿದ್ದ. ಕಂಪ್ರೆಸರನ್ನು ಅತ್ತಿತ್ತ ಮಗುಚಿದಾಗ ಎಣ್ಣೆ ಪಿಸ್ಟನ್ನಿನ ಮೇಲೆ ಬಂದು ನಿಂತಿರಬಹುದು. ಗ್ಯಾಸನ್ನು ಹಿಂಡಬಹುದು, ಎಣ್ಣೆಯನ್ನು ಹಿಂಡಲು ಬರುವುದಿಲ್ಲ. ಒಮ್ಮೆಲೇ ತಿರುಗಿಸಿದರೆ ಒಳಗಿನ ತೆಳು ವಾಲ್ವುಗಳು ಮುರಿಯುತ್ತವೆ. ಹತ್ತು ಸುತ್ತಾದರೂ ಕೈಯಲ್ಲೇ ಆಗಬೇಕು. ಅವನು ಹದಿನೈದರವರೆಗೆ ಎಣಿಸಿದ.

ಎಂಜಿನ್ ಹತ್ತಿತು. ಒಡೆಯರು ಒಳಗೆ ಕೂತು ಸ್ವಿಚ್ ಹಾಕಿದರು. ಟಕ್. ಎಂಜಿನ್ನಿನ ದನಿ ಒಂದು ಕ್ಷಣ ಕುಗ್ಗಿ ಚೇತರಿಸಿಕೊಂಡಿತು. ಕಡಿಮೆ ಒತ್ತಡದ ಮುಳ್ಳು 30ಕ್ಕೆ, ಹೆಚ್ಚಿನದು 210ಕ್ಕೆ ಬಂದು ನಿಂತವು. ಡ್ಯಾಷ್‌ಬೋರ್ಡಿನ ಕೆಳಗಿನ ಕಿಂಡಿಗೆ ಒಡೆಯರು ಕೈಯೊಡ್ಡಿ ಕೂತೇ ಇದ್ದರು. ಜೀಪಿನ ಅಡಿಯಿಂದ ಕಪ್ಪು ಮಣ್ಣಿಗೆ ನೀರಿನ ಹನಿ ಬೀಳತೊಡಗಿತು. ಮಳೆಗಾಲ ಕಳೆದ ಮೇಲೂ ವಾರಕ್ಕೆ ಐದು ನಿಮಿಷ ಎಸಿ ಓಡಿಸಿ ಎಂದು ಮೇಸ್ತ್ರಿ ಹೇಳಿದರು. ಎಣ್ಣೆ ಆಡದಿದ್ದರೆ ಶಾಫ್ಟಿನ ರಬ್ಬರ್ ಸೀಲು ಒಣಗಿ ಗ್ಯಾಸು ಸೋರುತ್ತದೆ. ಹಳ್ಳ ದಾಟುವಾಗ ಮಾತ್ರ ಆಫ್ ಮಾಡಿಕೊಳ್ಳಿ, ಕಂಪ್ರೆಸರು ಮೇಲಿದ್ದರೂ ಫ್ಯಾನು ನೀರೆರಚುತ್ತದೆ ಎಂದರು.

ಮುಗಿಯಿತೆಂದುಕೊಂಡು ನಾನು ಚಪ್ಪಲಿ ಹುಡುಕುತ್ತಿದ್ದೆ. ಮೇಸ್ತ್ರಿ ಅರ್ಧ ಗಂಟೆ ಎಂಜಿನ್ ಓಡಿಸಿ, ನಿಲ್ಲಿಸಿ, ಬಿಳಿ ಬನಿಯನ್ ಬಟ್ಟೆಯ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡು ಕಂಪ್ರೆಸರಿನ ಮುಂದಿನ ಮೈ ಒರೆಸಿದರು. ಬಟ್ಟೆ ತಿರುಗಿಸಿ ತೋರಿಸಿದರು. ಕಣ್ಣಿಗೆ ಹಚ್ಚುವ ಕಾಡಿಗೆಯಷ್ಟು ತೆಳ್ಳಗೆ ಒಂದು ಕರಿ ಗೆರೆ. ಬೆಲ್ಟಿನ ಪುಡಿ. ಹೊಸ ಬೆಲ್ಟು ಮೊದಲಿಗೆ ಸ್ವಲ್ಪ ಉದುರಿಸುವುದು ಸಹಜವಲ್ಲವೇ ಎಂದು ಒಡೆಯರು ಕೇಳಿದರು. ನನಗೂ ಹಾಗೇ ಅನ್ನಿಸಿತು.

‘ಒಂದೇ ಮಗ್ಗುಲಲ್ಲಿದೆ ನೋಡಿ ಯಜಮಾನ್ರೇ’ ಎಂದರು ಮೇಸ್ತ್ರಿ. ಹುಡುಗ ಆಗಲೇ ಹದಿಮೂರನೇ ನಂಬರ್ ಸ್ಪ್ಯಾನರ್ ತಂದು ಪಕ್ಕದಲ್ಲಿ ನಿಂತಿದ್ದ. ಬೆಲ್ಟು ಸಡಿಲ ಮಾಡಿದರು, ಬ್ರಾಕೆಟ್ಟಿನ ಬೋಲ್ಟು ಬಿಚ್ಚಿದರು. ಒಂದು ಬುಷ್ ಮತ್ತೆ ಲೇತಿನ ಕಡೆ ಹೋಯಿತು. ಒಡೆಯರು ಬೆಂಚಿಗೆ ವಾಪಸು ಬಂದು ಕೂತು, ನನಗೂ ಜಾಗ ಬಿಟ್ಟರು.